ಫೋಟೊದಲ್ಲಿ ಕಾಣದ ಇಂಡಿಯಾ ಎಡ್ವರ್ಡ್ಸ್

ಪ್ರಶ್ನೆ: 1940–50ರ ದಶಕದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಫೋಟೊಗಳಲ್ಲಿ ಹೆಂಗಸರೆಂದರೆ ಅಭ್ಯರ್ಥಿಯ ಪಕ್ಕ ನಿಂತು ಕೈಬೀಸುವ ಹೆಂಡತಿ, ಮಗಳು ಅಷ್ಟೇ. ಪ್ರಚಾರದಲ್ಲಿ ಹೆಂಗಸರ ಮಾತು ನಡೆಯುತ್ತಿತ್ತೇ ಸರ್?
– ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಡೆಯುತ್ತಿತ್ತಮ್ಮ, ಆದರೆ ಆ ಫೋಟೊಗಳಲ್ಲಿ ಇಲ್ಲದವರ ಮಾತು. ಇಂಡಿಯಾ ಎಡ್ವರ್ಡ್ಸ್ ಅವರನ್ನೇ ನೋಡಿ. ಹೆಸರು ಇಂಡಿಯಾ, ಊರು ಶಿಕಾಗೊ. 'ಶಿಕಾಗೊ ಟ್ರಿಬ್ಯೂನ್' ಪತ್ರಿಕೆಯಲ್ಲಿ ಮಹಿಳಾ ಪುಟದ ಸಂಪಾದಕಿಯಾಗಿದ್ದವರು, ಎರಡನೇ ಮಹಾಯುದ್ಧದ ಕಾಲದಲ್ಲಿ ಮಗನನ್ನು ಕಳೆದುಕೊಂಡವರು. 1944ರ ರಿಪಬ್ಲಿಕನ್ ಸಮಾವೇಶದಲ್ಲಿ ಕ್ಲೇರ್ ಬೂತ್ ಲೂಸ್ ಎಂಬ ಸಂಸದೆ ಮಡಿದ ಸೈನಿಕರ ಪರವಾಗಿ ಮಾತಾಡುವಂತೆ ಅಧ್ಯಕ್ಷ ರೂಸ್‌ವೆಲ್ಟರನ್ನು ಟೀಕಿಸಿದರು. ಅದನ್ನು ಕೇಳಿ ಸಂಕಟ, ಸಿಟ್ಟು ಎರಡೂ ತಡೆಯದೆ ಎಡ್ವರ್ಡ್ಸ್ ರೂಸ್‌ವೆಲ್ಟರ ಡೆಮಾಕ್ರಟಿಕ್ ಪಕ್ಷದ ಮಹಿಳಾ ವಿಭಾಗಕ್ಕೆ ಸ್ವಯಂಸೇವಕಿಯಾಗಿ ಸೇರಿದರು.

ನಾಲ್ಕೇ ವರ್ಷದಲ್ಲಿ ಅವರ ಕಾಲ ಬಂತು. 1946ರಲ್ಲಿ ಬೆಲೆ ನಿಯಂತ್ರಣ ಹೋದ ಮೇಲೆ ಮಾಂಸದ ಬೆಲೆ ಕೈಗೆಟುಕದಂತಾಗಿತ್ತು. 1948ರ ಜುಲೈನಲ್ಲಿ ಫಿಲಡೆಲ್ಫಿಯಾದ ಪಕ್ಷದ ಸಮಾವೇಶದಲ್ಲಿ ಎಡ್ವರ್ಡ್ಸ್ ಭಾಷಣದ ನಡುವೆ ಹಸಿ ಮಾಂಸದ ತುಂಡೊಂದನ್ನೇ ಎತ್ತಿ ತೋರಿಸಿದರು. ಹಣದುಬ್ಬರ ಎಂಬ ಅರ್ಥಶಾಸ್ತ್ರಜ್ಞರ ಮಾತು ಆ ಗಳಿಗೆಯಲ್ಲಿ ಸಂತೆಯಿಂದ ಬರಿಗೈಲಿ ಬಂದವಳ ಮಾತಾಯಿತು. ಬೆಲೆಯೇರಿಕೆಯ ಹೊಣೆಯನ್ನು ರಿಪಬ್ಲಿಕನ್ನರ ಕೈಯಲ್ಲಿದ್ದ ಸಂಸತ್ತಿನ ಮೇಲೆ ಹೊರಿಸಿದ್ದು ಡೆಮಾಕ್ರಟಿಕ್ ಅಭ್ಯರ್ಥಿ, ಆಗಿನ ಅಧ್ಯಕ್ಷ ಟ್ರೂಮನ್ನರ ಪ್ರಚಾರದ ಜೀವಾಳ. ಅದನ್ನು ಅಡುಗೆಮನೆವರೆಗೆ ಒಯ್ದದ್ದು ಮಹಿಳಾ ವಿಭಾಗ ಎಂದೇ ನನ್ನ ಖಚಿತ ಅಭಿಪ್ರಾಯ. ಟ್ರೂಮನ್ ಸೋಲುತ್ತಾರೆಂದು ಪತ್ರಕರ್ತರೆಲ್ಲ ಬರೆಯುತ್ತಿದ್ದಾಗ ಗೆಲುವನ್ನು ನಂಬಿದ್ದ ಬೆರಳೆಣಿಕೆಯವರಲ್ಲಿ ಎಡ್ವರ್ಡ್ಸ್ ಒಬ್ಬರು. 'ಡ್ಯೂಯಿಗೆ ಜಯ, ಟ್ರೂಮನ್‌ಗೆ ಸೋಲು' ಎಂದು ತಪ್ಪು ಶೀರ್ಷಿಕೆ ಅಚ್ಚು ಹಾಕಿದ್ದು ಅವರು ಹಿಂದೆ ದುಡಿದಿದ್ದ ಪತ್ರಿಕೆಯೇ! ಅಧ್ಯಕ್ಷರನ್ನು ಆರಿಸುವ, ರಾಜ್ಯವಾರು ಹಂಚಿದ ಎಲೆಕ್ಟೋರಲ್ ಮತಗಳಲ್ಲಿ ಟ್ರೂಮನ್‌ಗೆ 303 ಬಂದವು, ರಿಪಬ್ಲಿಕನ್ ಅಭ್ಯರ್ಥಿ ಡ್ಯೂಯಿಗೆ 189.

ನಾನು ಹೆಚ್ಚು ಮೆಚ್ಚುವುದು ಆಮೇಲಿನದನ್ನು. ದುಡಿದ ಹೆಂಗಸರಿಗೆ ಅಧಿಕಾರದಲ್ಲಿ ಪಾಲು ಬೇಕೆಂದು ಎಡ್ವರ್ಡ್ಸ್ ಪಟ್ಟು ಹಿಡಿದರು. ಹುದ್ದೆ ಖಾಲಿಯಾದಾಗಲೆಲ್ಲ ಅರ್ಹ ಮಹಿಳೆಯ ಹೆಸರಿನೊಂದಿಗೆ ಟ್ರೂಮನ್ ಮುಂದೆ ಹಾಜರಾಗುತ್ತಿದ್ದರು. 1949ರಲ್ಲಿ ಜಾರ್ಜಿಯಾ ನೀಸ್ ಕ್ಲಾರ್ಕ್ ದೇಶದ ಖಜಾಂಚಿಯಾದರು, ಯೂಜಿನಿ ಆಂಡರ್ಸನ್ ಡೆನ್ಮಾರ್ಕ್‌ಗೆ ರಾಯಭಾರಿಯಾದರು. ಆ ಎರಡೂ ಹುದ್ದೆಗೇರಿದ ಮೊದಲ ಅಮೆರಿಕನ್ ಮಹಿಳೆಯರು ಅವರು. 1951ರಲ್ಲಿ ಟ್ರೂಮನ್ ಪಕ್ಷದ ಅಧ್ಯಕ್ಷ ಸ್ಥಾನವನ್ನೇ ಕೊಡಲು ಮುಂದಾದರು. ಪಕ್ಷದ ಗಂಡಸರು ಹೆಂಗಸಿನ ಕೈಕೆಳಗೆ ದುಡಿಯಲು ಒಪ್ಪರೆಂದು ಎಡ್ವರ್ಡ್ಸ್ ಬೇಡವೆಂದರು.

1953ರಲ್ಲಿ ಪಕ್ಷ ಮಹಿಳಾ ವಿಭಾಗವನ್ನೇ ಮುಚ್ಚಿ ಮುಖ್ಯ ಕಚೇರಿಯೊಳಗೆ ಸೇರಿಸಿತು. ಸಮಾನತೆ ಎಂದು ಅದನ್ನು ಕರೆದರು. ನನಗೆ ಹಾಗನ್ನಿಸುವುದಿಲ್ಲ: ಚೌಕಾಸಿಗೆ ಹೆಂಗಸರಿಗಿದ್ದ ಸ್ವಂತ ಜಾಗ, ಸ್ವಂತ ಹಣ ಎರಡೂ ಅಲ್ಲಿಗೆ ಹೋದವು.