ಏಳನೆಯ ತರಗತಿಯ ಮಗಳ ಇಂಗ್ಲಿಷ್ ಪದಸಂಪತ್ತನ್ನು ಬೆಳೆಸುವುದು ಹೇಗೆ?

ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಓದುತ್ತಿರುವ ನಿಮ್ಮ ಮಗಳು ದಿನಕ್ಕೆ ಹತ್ತು ಇಂಗ್ಲಿಷ್ ಪದಗಳನ್ನು ಅರ್ಥಸಹಿತ ಬಾಯಿಪಾಠ ಮಾಡುತ್ತಾಳೆ, ಆದರೆ ಒಂದು ವಾಕ್ಯ ಬರೆ ಎಂದರೆ ತಡವರಿಸುತ್ತಾಳೆ, ನಿಘಂಟು ಕೊಡಿಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಒಂದು ಸರಕಾರಿ ಶಾಲೆಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗೆ ಇಂಗ್ಲಿಷ್ ಕಲಿಸುವ ನಾನೂ ಮೊದಲ ಕೆಲವು ವರ್ಷ ದಿನವೂ ಹತ್ತು ಪದಗಳನ್ನು ಹಲಗೆಯ ಮೂಲೆಯಲ್ಲಿ ಬರೆದು, ಮರುದಿನ ಕೇಳಿ, ಹೇಳಿದವರಿಗೆ ಶಹಬ್ಬಾಸ್ ಎಂದು ಮುಂದೆ ಸಾಗುತ್ತಿದ್ದವನೇ. ಲೆಕ್ಕ ಹಿಡಿದರೆ ಇನ್ನೂರು ದಿನಕ್ಕೆ 2000 ಪದಗಳಾಗುತ್ತವೆ. ಒಂದು ಕಾಲಕ್ಕೆ ಬಂಗಾಳದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೈಕಲ್ ವೆಸ್ಟ್ 1953ರಲ್ಲಿ ಹೊರತಂದ, ಕಲಿಯುವವರಿಗೆ ಮೊದಲು ಬೇಕಾಗುವ ಪದಗಳ ಪಟ್ಟಿಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದರೆ ನಮ್ಮ ಮಕ್ಕಳು ಒಂದೇ ವರ್ಷದಲ್ಲಿ ಇಂಗ್ಲಿಷ್ ಪಂಡಿತರಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ವೆಸ್ಟ್ ಮಾಡಿದ ಇನ್ನೊಂದು ಕೆಲಸವನ್ನು ನಾವು ಬಿಟ್ಟುಬಿಟ್ಟಿದ್ದೆವು: ಅವರು ಒಂದೊಂದು ಪದಕ್ಕೂ ಇರುವ ಬೇರೆ ಬೇರೆ ಅರ್ಥಗಳನ್ನು ಬಿಡಿಸಿ, ಯಾವುದು ಎಷ್ಟು ಬಳಕೆಯಲ್ಲಿದೆ ಎಂಬುದನ್ನೂ ತೋರಿಸಿದ್ದರು. ನಾವು ಒಂದು ಪದಕ್ಕೆ ಒಂದು ಅರ್ಥ ಬರೆಯಿಸಿ ಕೈತೊಳೆದುಕೊಂಡೆವು.

ಇದರ ಫಲ ನನಗೆ ತಿಳಿದದ್ದು ಒಬ್ಬ ಹುಡುಗನ ನೋಟ್‌ಬುಕ್ಕಿನಲ್ಲಿ ‘ಪುಟ್ ದ ಡೋರ್’ ಎಂಬ ವಾಕ್ಯ ಕಂಡಾಗ. ಮೊದಲು ನಗು ಬಂದಿತು. ಆಮೇಲೆ ಅವನ ತಪ್ಪೇನೂ ಇಲ್ಲ ಎನ್ನಿಸಿತು. ಪುಟ್ ಎಂದರೆ ಹಾಕು ಎಂದು ನಾನೇ ಬರೆಯಿಸಿದ್ದೆ, ಅವನ ಮನೆಯಲ್ಲಿ ಬಾಗಿಲು ‘ಹಾಕುತ್ತಾರೆ’. ಅಂದು ಪಾಠ ಬಿಟ್ಟು ಹಲಗೆಯ ನಡುವೆ ‘ಹಾಕು’ ಎಂದು ದೊಡ್ಡದಾಗಿ ಬರೆದು, ಏನೇನು ಹಾಕುತ್ತೀರಿ ಹೇಳಿ ಎಂದೆ. ಅಂಗಿ, ಉಪ್ಪು, ಗೊಬ್ಬರ, ಕೀಲಿ, ಸಹಿ, ಓಟು ಎಂದು ತರಗತಿಯೇ ಕೂಗಿತು. ಒಂದೊಂದರ ಎದುರಿಗೆ ಇಂಗ್ಲಿಷ್ ಬರೆಯುತ್ತ ಹೋದಾಗ ಬಾಗಿಲಿಗೆ ಕ್ಲೋಸ್, ಅಂಗಿಗೆ ಪುಟ್ ಆನ್, ಉಪ್ಪಿಗೆ ಆ್ಯಡ್, ಗೊಬ್ಬರಕ್ಕೆ ಸ್ಪ್ರೆಡ್ ಬಂದವು. ಕೀಲಿ, ಸಹಿ, ಓಟುಗಳ ಸರದಿ ಬಂದಾಗ ‘ಹಾಕು’ವೇ ಮಾಯವಾಯಿತು, ಲಾಕ್, ಸೈನ್, ವೋಟ್ ಎಂಬ ಪದಗಳು ತಾವೇ ಕ್ರಿಯಾಪದಗಳಾಗಿ ನಿಂತವು. ಹತ್ತು ಪದಗಳ ಪಟ್ಟಿಯಲ್ಲಿ ಎಂದೂ ಉಳಿಯದಿದ್ದ ‘ಆ್ಯಡ್’ ಅಂದಿನಿಂದ ಉಪ್ಪಿನ ಜೊತೆ ಅಂಟಿಕೊಂಡು ಉಳಿಯಿತು. ನಂತರ ‘ತೆಗೆ’ ಮಾಡಿದೆವು: ಬಾಗಿಲು ತೆಗೆದರೆ ಓಪನ್, ಅಂಗಿ ತೆಗೆದರೆ ಟೇಕ್ ಆಫ್, ಫೋಟೋ ತೆಗೆದರೆ ಬರಿಯ ಟೇಕ್, ಜಗಳ ತೆಗೆದರೆ ಪಿಕ್, ಅಂಕ ತೆಗೆದರೆ ಸ್ಕೋರ್. ‘ಬಿಡು’, ‘ಹಿಡಿ’, ‘ಹೊಡೆ’ಗಳನ್ನು ನಿಮ್ಮ ಮಗಳಿಗೇ ಬಿಟ್ಟುಕೊಡಿ. ಪದವನ್ನು ಒಂಟಿಯಾಗಿ ಅಲ್ಲ, ಅದರ ಜೊತೆಗಾರನ ಸಮೇತ ಬರೆದುಕೊಳ್ಳಬೇಕೆಂಬುದೊಂದೇ ನಿಯಮ.

ಮಕ್ಕಳ ಬಾಯಲ್ಲಿ ಈಗಾಗಲೇ ಇರುವ ಇಂಗ್ಲಿಷನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂಬುದು ನನ್ನ ಇನ್ನೊಂದು ತಕರಾರು. ನಮ್ಮದು ಕಬ್ಬಿನ ಸೀಮೆ. ಒಬ್ಬ ಹುಡುಗಿ ತಡವಾಗಿ ಬಂದು, “ಸರ್ರ, ರಾತ್ರಿ ಮೋಟರ್ ಟ್ರಿಪ್ ಆಗಿತ್ರಿ, ಅಪ್ಪಗ ನಿದ್ದಿನ ಇಲ್ರಿ” ಎಂದಳು. ಅದೇ ಹುಡುಗಿಯ ಅಣ್ಣ ಫ್ಯಾಕ್ಟರಿಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ‘ಎರಡು ಟ್ರಿಪ್’ ಹೊಡೆಯಿತೆನ್ನುತ್ತಾನೆ. ಒಂದೇ ಪದದ ಎರಡು ಅರ್ಥಗಳನ್ನು ಯಾವ ಮೇಷ್ಟರೂ ಕಲಿಸದೆ ಈ ಮನೆ ಕಲಿತಿದೆ. ಎಡವಿ ಬೀಳುವುದಕ್ಕೂ ಟ್ರಿಪ್ ಎನ್ನುತ್ತಾರೆ ಎಂಬ ಮೂರನೆಯದನ್ನು ಸೇರಿಸಲು ನನಗೆ ಒಂದು ನಿಮಿಷ ಸಾಕಾಯಿತು. ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಕೇಳುವ ಇಂತಹ ಪದಗಳನ್ನು ನಿಮ್ಮ ಮಗಳು ಒಂದು ವಾರ ಬರೆದಿಡಲಿ. ಬಹುಶಃ ನಿಮಗೇ ಅಚ್ಚರಿಯಾದೀತು.

ಊರಿನ ಫಲಕಗಳೂ ಒಳ್ಳೆಯ ಪಠ್ಯವೇ. ಪ್ರವಾಸಕ್ಕೆಂದು ಬಾದಾಮಿಯ ಗುಹೆಗಳಿಗೆ ಮಕ್ಕಳನ್ನು ಕರೆದೊಯ್ದಾಗ ನಾನು ಪುರಾತತ್ವ ಇಲಾಖೆಯ ನೀಲಿ ಫಲಕದ ಮುಂದೆ ಅರ್ಧ ಗಂಟೆ ನಿಲ್ಲಿಸಿದ್ದುಂಟು. ಸ್ಮಾರಕಕ್ಕೆ ಧಕ್ಕೆ ತರುವವರಿಗೆ ಶಿಕ್ಷೆ ಎನ್ನುವ 1958ರ ಕಾಯ್ದೆಯ ಇಂಗ್ಲಿಷ್ ವಾಕ್ಯದಲ್ಲಿ ಡಿಸ್ಟ್ರಾಯ್, ರಿಮೂವ್, ಇಂಜುರ್, ಆಲ್ಟರ್, ಡಿಫೇಸ್, ಇಂಪೆರಿಲ್, ಮಿಸ್‌ಯೂಸ್ ಎಂದು ಏಳು ಕ್ರಿಯಾಪದಗಳು ಸಾಲಾಗಿ ನಿಂತಿವೆ. ಮಕ್ಕಳು ಎಲ್ಲಕ್ಕೂ ‘ಹಾಳು ಮಾಡು’ ಎಂದರು. ಹಾಗಾದರೆ ಗೋಡೆಯ ಮೇಲೆ ಹೆಸರು ಕೆತ್ತುವವನು ಮಾಡುವುದು ಯಾವುದು ಎಂದು ಕೇಳಿದೆ. ಡಿಫೇಸ್ ಎಂಬುದರೊಳಗೆ ಫೇಸ್, ಅಂದರೆ ಮುಖ ಅಡಗಿದೆ ಎಂದು ಒಬ್ಬಳು ಕಂಡುಹಿಡಿದಳು. ಮುಖ ಕೆಡಿಸುವುದು ಎಂದಳು. ಮಿಸ್‌ಯೂಸ್ ಒಡೆದಾಗ ಮಿಸ್‌ಪ್ಲೇಸ್, ಮಿಸ್‌ಸ್ಪೆಲ್ ಕೂಡ ಹೊರಬಂದವು. ಇಂಪೆರಿಲ್ ಮಾತ್ರ ಯಾರಿಗೂ ನೆನಪುಳಿಯಲಿಲ್ಲ, ಉಳಿಯಬೇಕಾದ ತುರ್ತೂ ಆ ವಯಸ್ಸಿಗೆ ಇಲ್ಲ.

ಮರೆವಿಗೆ ಮದ್ದು ಮರಳಿ ಮರಳಿ ನೋಡುವುದೇ, ಆದರೆ ದಿನವೂ ಎಲ್ಲವನ್ನೂ ನೋಡುವುದಲ್ಲ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕರು 1972ರಲ್ಲಿ ಸೂಚಿಸಿದ ಉಪಾಯ ನಮ್ಮ ಮಕ್ಕಳಿಗೆ ಹಿಡಿಸಿದೆ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಗೆ ಪದವನ್ನು ಅದರ ಜೊತೆಗಾರನೊಂದಿಗೆ ಬರೆದು, ಅರ್ಥವನ್ನು ಹಿಂಬದಿಯ ಚೂರು ಜಾಗದಲ್ಲಿ ಬರೆಯುತ್ತೇವೆ. ಚಪ್ಪಲಿ ಪೆಟ್ಟಿಗೆಯಲ್ಲಿ ಮೂರು ಖಾನೆಗಳಿರುತ್ತವೆ. ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತೆಗೆಯುವುದು. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಮೊದಲನೆಯದಕ್ಕೆ ಮರಳುತ್ತದೆ. ದಿನಕ್ಕೆ ಹೊಸ ಚೀಟಿ ನಾಲ್ಕು ಸಾಕು.

ನಿಘಂಟನ್ನು ಖಂಡಿತ ಕೊಡಿಸಿ. ಆದರೆ ಕನ್ನಡ ಅರ್ಥದ ಜೊತೆಗೆ ಉದಾಹರಣೆಯ ವಾಕ್ಯವೂ ಇರುವುದನ್ನೇ ಅಂಗಡಿಯಲ್ಲಿ ತೆರೆದು ನೋಡಿ ಕೊಳ್ಳಿ. ‘ಪುಟ್’ ಪದದ ಪುಟ ತೆಗೆಯಿರಿ. ಅಲ್ಲಿ ಅರ್ಥ ಒಂದೇ ಸಾಲಿನಲ್ಲಿ ಮುಗಿದಿದ್ದರೆ ಆ ಪುಸ್ತಕವನ್ನು ಅಲ್ಲಿಯೇ ಇಟ್ಟುಬನ್ನಿ.