ಇಥಿಯೋಪಿಯಾದ ತರಗತಿಯಲ್ಲಿ ಕಲಿತದ್ದು

ಪ್ರಶ್ನೆ: ಇಥಿಯೋಪಿಯಾದ ವಿಶ್ವವಿದ್ಯಾಲಯವೊಂದಕ್ಕೆ ಉಪನ್ಯಾಸಕಿಯಾಗಿ ಹೊರಟಿದ್ದೇನೆ. ಅಲ್ಲಿ ಪಾಠ ಮಾಡಿ ಬಂದಿರುವ ತಾವು ಕಲಿತದ್ದನ್ನು ತಿಳಿಸುವಿರಾ? – ಓದುಗರೊಬ್ಬರು, ಧಾರವಾಡ

ಉತ್ತರ: ನಾನು ಮೊದಲು ಕಲಿತದ್ದು ಗಡಿಯಾರ ನೋಡುವುದನ್ನು. ಅಲ್ಲಿನವರು ಗಂಟೆಗಳನ್ನು ಬೆಳಗಿನಿಂದ ಎಣಿಸುವುದರಿಂದ ನಮ್ಮ ಬೆಳಿಗ್ಗೆ 9 ಅವರಿಗೆ 3 ಗಂಟೆ. ವಿದ್ಯಾರ್ಥಿಗಳು 3ಕ್ಕೆ ಬರುತ್ತೇವೆಂದಾಗ ನಾನು ಮಧ್ಯಾಹ್ನ ಹೋಗಿ ಬೀಗ ಹಾಕಿದ ಕೊಠಡಿಯ ಮುಂದೆ ನಿಂತಿದ್ದೆ. ಅವರು ಬೆಳಿಗ್ಗೆಯೇ ಬಂದು, ಕಾದು, ಹಿಂದಿರುಗಿದ್ದರು. ಅಲ್ಲಿನ ಪಂಚಾಂಗದಲ್ಲಿ ವರ್ಷಕ್ಕೆ 13 ತಿಂಗಳು. ಕೊನೆಯದಕ್ಕೆ ಐದಾರೇ ದಿನ. ಹೆಸರಿನ ಎರಡನೆಯ ಭಾಗ ತಂದೆಯದು, ಆದ್ದರಿಂದ ಹಾಜರಿ ಕರೆಯುವಾಗ ಮೊದಲ ಹೆಸರನ್ನೇ ಬಳಸಿ.

ಪಾಠದ ನಡುವೆ 'ಅರ್ಥವಾಯಿತೇ' ಎಂದು ಕೇಳಿದರೆ ಹುಡುಗರು ಗಾಬರಿಯಾದವರಂತೆ ಸರಕ್ಕನೆ ಉಸಿರೆಳೆದುಕೊಳ್ಳುತ್ತಿದ್ದರು. ಅದು 'ಹೌದು' ಎನ್ನುವ ರೀತಿಯೆಂದು ತಿಳಿಯುವವರೆಗೆ ನಾನು ಒಂದೇ ಸೂತ್ರವನ್ನು ಮೂರು ಮೂರು ಸಲ ವಿವರಿಸಿ ಅವರನ್ನು ದಣಿಸಿದ್ದೇನೆ. ಆದರೆ ಆ 'ಹೌದು' ಕೂಡ ಎಷ್ಟೋ ಸಲ ಗೌರವಕ್ಕಾಗಿ ಹೇಳಿದ್ದೇ ಆಗಿತ್ತು. ಕೆಳಗಿನ ತರಗತಿಗಳನ್ನು ಅಮ್ಹಾರಿಕ್, ಒರೊಮೊ ಮುಂತಾದ ತಮ್ಮ ನುಡಿಗಳಲ್ಲಿ ಓದಿ ಬಂದವರಿಗೆ ನನ್ನ ವೇಗದ ಇಂಗ್ಲಿಷ್ ನಿಲುಕುತ್ತಿರಲಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಪಿಯುಸಿಯ ಮೊದಲ ತಿಂಗಳು ನಾನೂ ಹೀಗೆಯೇ ತಲೆಯಾಡಿಸುತ್ತಿದ್ದೆನೆಂಬುದು ತಡವಾಗಿ ನೆನಪಾಯಿತು. ಆಮೇಲೆ ಕೇಳುವುದನ್ನು ಬಿಟ್ಟು, ಹಲಗೆಯ ಮೇಲೆ ಅವರಿಂದಲೇ ಲೆಕ್ಕ ಮಾಡಿಸತೊಡಗಿದೆ.

ಊಟದ ಚಿಂತೆ ಬೇಡ. ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುದುಗಿಸಿ ಮಾಡುವ ಇಂಜೆರಾ ನಮ್ಮ ದೋಸೆಯ ದೂರದ ನೆಂಟನಂತಿದೆ, ಹುಳಿ ಮಾತ್ರ ತುಸು ಹೆಚ್ಚು. ಯಾರಾದರೂ ಮನೆಗೆ ಕಾಫಿಗೆ ಕರೆದರೆ ಕೈಯಲ್ಲಿ ಬಿಡುವಿರಲಿ: ಬೀಜವನ್ನು ಎದುರಿಗೇ ಹುರಿದು, ಕುಟ್ಟಿ, ಮೂರು ಸುತ್ತು ಬಡಿಸುತ್ತಾರೆ, ಮೊದಲ ಸುತ್ತಿಗೇ ಏಳಬೇಡಿ.