ಕ್ಯಾಮೆರಾ ಕಣ್ಣಿಗಿಟ್ಟುಕೊಂಡವನಿಗೆ ಭಕ್ತಿ ಉಳಿಯುತ್ತದೆಯೇ?

ವಲಸೆ ಬಂದ ಮನೆತನದ ಛಾಯಾಗ್ರಾಹಕ ಬೇರೆಯವರ ಜಾತ್ರೆ, ಮೊಹರಂಗಳ ಚಿತ್ರ ತೆಗೆಯುತ್ತಾ ಹೋದರೆ ಅವನ ಸ್ವಂತ ಭಕ್ತಿ ಏನಾಗುತ್ತದೆ ಎಂದು ಕೇಳಿದ್ದೀರಿ. ಎಲ್ಲರ ಪರವಾಗಿ ಹೇಳಲಾರೆ. ನನ್ನದು ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಬಂಗಾಳಿ ಕ್ಯಾಂಪ್. ಪೂರ್ವ ಪಾಕಿಸ್ತಾನ ಬಿಟ್ಟು ಬಂದವರಿಗೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಅಜ್ಜ ಭತ್ತ ಬೆಳೆದರು, ಅಪ್ಪ ಭತ್ತ ಬೆಳೆದರು, ನಾನು ಫೋಟೊ ಸ್ಟುಡಿಯೊ ಇಟ್ಟುಕೊಂಡೆ.

ನಮ್ಮ ಮನೆಯವರು ಮತುವಾ ಪಂಥದವರು. ಈಗ ಬಾಂಗ್ಲಾದೇಶದಲ್ಲಿರುವ ಓಡಾಕಾಂದಿಯ ಹರಿಚಾಂದ್ ಠಾಕೂರರ (1812–1878) ಅನುಯಾಯಿಗಳು. ಸಂಸಾರ ಬಿಡಬೇಕಿಲ್ಲ, ಕೈಯಲ್ಲಿ ಕೆಲಸವಿರಲಿ, ಬಾಯಲ್ಲಿ ನಾಮವಿರಲಿ ಎನ್ನುವುದು ಅಲ್ಲಿಯ ಬೋಧೆ. ಕೀರ್ತನೆಗೆ ಕೂತರೆ ಡಂಕಾ ಎಂಬ ದೊಡ್ಡ ನಗಾರಿಯ ಬಡಿತಕ್ಕೆ ಗೋಡೆ ಅದುರುತ್ತದೆ. ಇಂಥ ಮನೆಯಲ್ಲಿ ಬೆಳೆದವನಿಗೆ ಅಧ್ಯಾತ್ಮವೆಂದರೆ ಹಿಮಾಲಯ, ಮೌನ, ಉದ್ದ ಗಡ್ಡ ಎಂಬ ಭ್ರಮೆ ಹತ್ತುವುದಿಲ್ಲ. ಹಾಗಾಗಿ ದರ್ಶನದ ಕಥೆಯನ್ನು ನನ್ನಿಂದ ನಿರೀಕ್ಷಿಸಬೇಡಿ.

ಜಾತ್ರೆಯ ಚಿತ್ರಗಳಿಂದ ಹೊಟ್ಟೆ ತುಂಬುವುದಿಲ್ಲ. ಅಂಗಡಿ ನಡೆಯುವುದು ಪಾಸ್‌ಪೋರ್ಟ್ ಅಳತೆಯ ಫೋಟೊ, ಮದುವೆ ಮತ್ತು ಸಾವುಗಳಿಂದ. ನಮ್ಮ ಕಡೆಯ ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹಾರ, ಬಾಯಿ ತೆರೆದುಕೊಳ್ಳದಂತೆ ಗಲ್ಲದಡಿಯಿಂದ ನೆತ್ತಿಗೆ ಕಟ್ಟಿದ ಬಟ್ಟೆ. ಮೊದಲು ಕರೆಸಿಕೊಳ್ಳುವವರಲ್ಲಿ ಫೋಟೊದವನೂ ಒಬ್ಬ. ಮಣ್ಣಾದ ಮೇಲೆ ಹಿರಿಮಗ ಅಂಗಡಿಗೆ ಬಂದು ಕೇಳುವುದು ಒಂದೇ: "ಕಣ್ಣು ತೆರೆಸಿಕೊಡಿ." ಮತದಾರರ ಗುರುತಿನ ಚೀಟಿಯ ಪುಟ್ಟ ಫೋಟೊ ಸಿಕ್ಕರೆ ಅದರಿಂದ ಕಣ್ಣು ತೆಗೆಯುತ್ತೇನೆ. ಅದರಲ್ಲಿ ಎಲ್ಲರೂ ಗಾಬರಿಬಿದ್ದವರಂತೆಯೇ ಇರುತ್ತಾರೆ, ಅದು ಬೇರೆ ಮಾತು. ಅದೂ ಇಲ್ಲದಿದ್ದರೆ ಮಗನನ್ನೇ ಸ್ಟೂಲಿನ ಮೇಲೆ ಕೂರಿಸಿ, ಅವನ ಕಣ್ಣನ್ನು ತಾಯಿಯ ಮುಖಕ್ಕೆ ಕೂಡಿಸುತ್ತೇನೆ. ರೆಪ್ಪೆಯ ಸುಕ್ಕು, ಗುಡ್ಡೆಯ ಹಳದಿ, ಕಣ್ಣೊಳಗಿನ ಬೆಳಕಿನ ಚುಕ್ಕೆ ಎಲ್ಲವನ್ನೂ ಹೊಂದಿಸಬೇಕು. ಚುಕ್ಕೆ ತಪ್ಪಿದರೆ ಮುಖ ಸತ್ತೇ ಇರುತ್ತದೆ.

ಆಮೇಲೆ ಆ ಮನೆಗೆ ಹೋದರೆ ಗಾಜಿನ ಮೇಲೆ ವಿಭೂತಿ ಹಚ್ಚಿರುತ್ತಾರೆ. ಅಮಾವಾಸ್ಯೆಗೆ ಅದರ ಮುಂದೆ ಎಡೆ ಇಡುತ್ತಾರೆ. ನಾನು ಕೂಡಿಸಿದ ಕಣ್ಣಿಗೆ ಮನೆಮಂದಿಯೆಲ್ಲ ಕೈಮುಗಿಯುವುದನ್ನು ನೋಡಿದ ಮೇಲೆ ಈ ಕೆಲಸವನ್ನು ಹೇಗೆಂದರೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಅದಕ್ಕೆ ಕೂರುವಾಗ ಅಂಗಡಿಯ ರೇಡಿಯೊ ಆರಿಸುತ್ತೇನೆ, ಬಾಯಲ್ಲಿ ಹರಿನಾಮ ತಾನಾಗಿ ಬರುತ್ತದೆ. ಸಾಧನೆ ಎನ್ನುವುದಾದರೆ ಇದನ್ನೇ ಎನ್ನಿ. ನಮ್ಮ ಮನೆಯಲ್ಲಿ ಮುತ್ತಜ್ಜನ ಚಿತ್ರವಿಲ್ಲ. ಗಡಿ ದಾಟುವಾಗ ಪಾತ್ರೆ ಹೊತ್ತು ತಂದರು, ಫೋಟೊ ಎಂಬುದು ಇರಲೇ ಇಲ್ಲ. ಮೂಗು ಹೀಗಿತ್ತು, ಕಿವಿ ಹಾಗಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಮಾಡಿಕೊಡೆಂದು ಒಮ್ಮೆಯೂ ಕೇಳಲಿಲ್ಲ.

ಜಾತ್ರೆಗಳ ವಿಷಯ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ತೇರು ಸಂಜೆ ಹೊರಡುತ್ತದೆ. ಇಳಿಬಿಸಿಲು ಚೆನ್ನಾಗಿರುತ್ತದೆ, ಆದರೆ ತೇರಿಗೆ ಎಸೆದ ಉತ್ತತ್ತಿ, ಬಾಳೆಹಣ್ಣು ಲೆನ್ಸಿಗೂ ಬಡಿಯುತ್ತವೆ. ನನ್ನ ಕಣ್ಣು ಮಾತ್ರ ದಾಸೋಹದ ಕಡೆಗೇ ಓಡುತ್ತದೆ. ಹಳ್ಳಿಹಳ್ಳಿಗಳಿಂದ ಗಾಡಿ ತುಂಬಿ ಬರುವ ಜೋಳದ ರೊಟ್ಟಿಯ ಮುಂದೆ ತೇರಿನ ಚಿತ್ರ ನನಗೆ ಸಪ್ಪೆ. ನಮ್ಮ ಜಿಲ್ಲೆಯದೇ ಆದ ಮುದಗಲ್ಲಿನ ಮೊಹರಂನಲ್ಲಿ ಅಲಾಯಿ ಕುಣಿಯ, ಅಂದರೆ ಬೆಂಕಿ ಹಾಕುವ ಗುಂಡಿಯ, ಪಕ್ಕ ನಿಂತಿದ್ದಾಗ ಹಿರಿಯರೊಬ್ಬರು "ನೀನು ಯಾವ ಪೈಕಿ?" ಎಂದರು. ಬಂಗಾಳಿ ಕ್ಯಾಂಪಿನವನು ಎಂದೆ. "ಹಾಗಾದರೆ ದೂರದಿಂದ ಬಂದಿದ್ದೀ" ಎಂದು ಚೋಂಗೆ ಎಂಬ ಸಿಹಿ ರೊಟ್ಟಿ ಕೊಟ್ಟು, ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಲು ಬಂದವರ ಸಾಲಿನಲ್ಲಿ ನಿಲ್ಲಿಸಿದರು. ಆ ಸಾಲಿನಲ್ಲಿ ಕುಂಕುಮವಿಟ್ಟವರೇ ಹೆಚ್ಚಿದ್ದರು. ಅವತ್ತು ಕ್ಯಾಮೆರಾ ಚೀಲ ಸೇರಿತು.

ಹೊರಗಿನವನ ಕಣ್ಣೇ ಚೆನ್ನಾಗಿ ನೋಡುತ್ತದೆ ಎನ್ನುವವರಿದ್ದಾರೆ. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ತೆಗೆದ. ನೂರಕ್ಕೂ ಹೆಚ್ಚು ವರ್ಷಗಳ ನಂತರ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡೂ ಅದ್ಭುತ ಕೆಲಸ, ಕಲ್ಲಿನ ಮಟ್ಟಿಗೆ. ಜನರ ಚಿತ್ರಕ್ಕೆ ಆ ದೂರ ನಡೆಯದು. ಅವರ ಸಾಲಿನಲ್ಲಿ ನಿಂತು ತಿಂದಿರಬೇಕು.

ಹೀಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಭಕ್ತಿ ಉಳಿದಿದೆ, ಆದರೆ ಅದು ತೇರಿನ ಮುಂದಿರುವುದಕ್ಕಿಂತ ಅಂಗಡಿಯ ಕಂಪ್ಯೂಟರಿನ ಮುಂದೆ ಹೆಚ್ಚಿದೆ. ನೀವೂ ಕ್ಯಾಮೆರಾ ಹಿಡಿಯುವವರೆಂದು ಬರೆದಿದ್ದೀರಿ. ಮುದಗಲ್ಲಿಗೆ ಬರುವುದಾದರೆ ಮೊದಲು ದಿನ ವಿಚಾರಿಸಿ, ಮೊಹರಂ ವರ್ಷವರ್ಷ ಹತ್ತು ಹನ್ನೊಂದು ದಿನ ಮುಂಚೆಯೇ ಬರುತ್ತದೆ. ಫ್ಲ್ಯಾಶ್ ಬೇಡ, ಕುಣಿಯ ಬೆಂಕಿಯೇ ಸಾಕಷ್ಟು ಬೆಳಕು ಕೊಡುತ್ತದೆ. ಯಾರದಾದರೂ ಮುಖ ತೆಗೆದರೆ ವಿಳಾಸ ಬರೆದುಕೊಂಡು ಪ್ರಿಂಟ್ ಕಳುಹಿಸಿ, ಮೊಬೈಲಿಗೆ ಕಳುಹಿಸಿದ್ದು ಬಹಳ ದಿನ ಉಳಿಯುವುದಿಲ್ಲ.